ಸೇವಾ ಕ್ಲಬ್ ಸೇರಬೇಕೆ? ಕಾಸರಗೋಡಿನ ಓದುಗರಿಗೆ ಅರ್ಜಿಯಿಂದ ಮೊದಲ ಶಿಬಿರದವರೆಗೆ

ಲಯನ್ಸ್ ಕ್ಲಬ್ಬಿಗೆ ಸೇರಲು ಯಾರನ್ನು ಕಾಣಬೇಕು? ವರ್ಷಕ್ಕೆ ಎಷ್ಟು ಹಣ ಬೇಕಾಗುತ್ತದೆ? ನಮ್ಮೂರಿನ ಶಾಲೆಯಲ್ಲಿ ಒಂದು ಕಣ್ಣಿನ ಶಿಬಿರ ಮಾಡಿಸುವುದು ಹೇಗೆ? ಬದಿಯಡ್ಕ, ಪೈವಳಿಕೆ, ಮುಳ್ಳೇರಿಯ, ಮೀಂಜ ಕಡೆಯ ಓದುಗರು ಈ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರೆಬರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡೋಣ ಎಂದು ಕುಳಿತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕ್ಲಬ್ ಎಷ್ಟು ಶಿಬಿರ ನಡೆಸಿತು ಎಂದು ನಾನು ಕೇಳುವುದಿಲ್ಲ. ಶಿಬಿರ ಮುಗಿದ ಮರುದಿನ ಏನಾಯಿತು ಎಂದು ಕೇಳುತ್ತೇನೆ. ಪೊರೆ ಇದೆ ಎಂದು ಚೀಟಿ ಬರೆಸಿಕೊಂಡು ಹೋದ ಅಜ್ಜಿ ಶಸ್ತ್ರಚಿಕಿತ್ಸೆಗೆ ಹೋದರೇ? ಕನ್ನಡಕಕ್ಕೆ ಅಳತೆ ಕೊಟ್ಟವರ ಕೈಗೆ ಕನ್ನಡಕ ಬಂತೇ? ಕೆಳಗೆ ಬರೆದ ಪ್ರತಿ ಹಂತವನ್ನೂ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಹಂತ 1: ಯಾವ ಸಂಸ್ಥೆ ಎಂದು ತಿಳಿದುಕೊಳ್ಳಿ

ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಮೂರು. ಲಯನ್ಸ್ 1917ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಅವರ ಮುಂದಾಳುತನದಲ್ಲಿ ಹುಟ್ಟಿತು. ಭಾರತಕ್ಕೆ ಬಂದದ್ದು 1956ರಲ್ಲಿ. ಕಣ್ಣಿನ ಕೆಲಸಕ್ಕೂ ಲಯನ್ಸಿಗೂ ಇರುವ ನಂಟಿಗೆ ಕಾರಣ ಹೆಲನ್ ಕೆಲರ್. 1925ರ ಜೂನ್ 30ರಂದು ಒಹಾಯೋದ ಸೀಡರ್ ಪಾಯಿಂಟಿನಲ್ಲಿ ನಡೆದ ಸಮಾವೇಶದಲ್ಲಿ ಆಕೆ, ಅಂಧತ್ವದ ವಿರುದ್ಧದ ಹೋರಾಟವನ್ನು ಕೈಗೆತ್ತಿಕೊಳ್ಳಿ ಎಂದು ಲಯನ್ಸ್ ಸದಸ್ಯರನ್ನು ಕೇಳಿಕೊಂಡರು. ರೋಟರಿ ಅದಕ್ಕಿಂತ ಹಿರಿದು, 1905ರಲ್ಲಿ ಅದೇ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಆರಂಭಿಸಿದ್ದು. ಪೋಲಿಯೋ ನಿರ್ಮೂಲನೆಯಲ್ಲಿ ಅದರ ಕೊಡುಗೆ ದೊಡ್ಡದು. ನಮ್ಮ ದೇಶದಲ್ಲಿ ಸಹಜ (ಲಸಿಕೆಯಿಂದ ಬಾರದ) ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಮೂರನೆಯದು ಜೆಸಿಐ (ಜೂನಿಯರ್ ಚೇಂಬರ್ ಇಂಟರ್‌ನ್ಯಾಷನಲ್), ಊರವರ ಬಾಯಲ್ಲಿ ಜೇಸೀಸ್. ಇದು 18ರಿಂದ 40 ವರ್ಷದವರಿಗೆ ಮಾತ್ರ. ಭಾಷಣ, ನಾಯಕತ್ವದ ತರಬೇತಿಗೆ ಹೆಚ್ಚು ಒತ್ತು.

ಮನೆಯ ಮಕ್ಕಳಿಗೂ ಜಾಗವಿದೆ. ಲಯನ್ಸಿನ ಲಿಯೋ ಕ್ಲಬ್ 12ರಿಂದ 30 ವರ್ಷದವರಿಗೆ, ರೋಟರಿಯ ಇಂಟರಾಕ್ಟ್ 12ರಿಂದ 18ರವರಿಗೆ, ರೋಟರಾಕ್ಟ್ 18 ದಾಟಿದವರಿಗೆ.

ಇಲ್ಲಿ ಹೊಸಬರು ಎಡವುವ ಒಂದು ಪದ 'ಜಿಲ್ಲೆ'. ಕ್ಲಬ್ಬುಗಳ ಜಿಲ್ಲೆಗೂ ಕಂದಾಯ ಜಿಲ್ಲೆಗೂ ಸಂಬಂಧವಿಲ್ಲ. ಹಲವು ಕ್ಲಬ್ಬುಗಳ ಒಕ್ಕೂಟಕ್ಕೆ ಅವರು ಜಿಲ್ಲೆ ಎನ್ನುತ್ತಾರೆ, ಅದರ ಮುಖ್ಯಸ್ಥರಿಗೆ ಜಿಲ್ಲಾ ಗವರ್ನರ್ ಎನ್ನುತ್ತಾರೆ. ಲಯನ್ಸಿನಲ್ಲಿ ಕಾಸರಗೋಡು, ಕಣ್ಣೂರು, ವಯನಾಡು, ಕೋಝಿಕ್ಕೋಡು ಸೇರಿ 318ಇ. ಕರ್ನಾಟಕದ ಗಡಿಯ ತಲಪಾಡಿ ಗೇಟು ದಾಟಿದರೆ ಮಂಗಳೂರು 317ಡಿ. ಮಂಜೇಶ್ವರ, ವರ್ಕಾಡಿ ಕಡೆಯವರು ಉಳ್ಳಾಲ, ಮಂಗಳೂರಿನ ಕ್ಲಬ್ಬಿಗೆ ಗೆಳೆಯರ ಮೂಲಕ ಸೇರುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕ್ಲಬ್ಬಿನ ಕೆಲಸ ಹೆಚ್ಚಾಗಿ ಗಡಿಯ ಆಚೆ ನಡೆಯುತ್ತದೆ, ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಪರಿಚಯ ಅವರಿಗಿರುವುದಿಲ್ಲ. ನಿಮ್ಮೂರಿಗಾಗಿ ದುಡಿಯುವ ಆಸೆಯಿದ್ದರೆ ನಿಮ್ಮೂರಿಗೆ ಹತ್ತಿರದ ಕ್ಲಬ್ಬನ್ನೇ ಹುಡುಕಿ.

ಹಂತ 2: ಸೇರುವ ಮುನ್ನ ಎರಡು ಕೆಲಸಗಳಿಗೆ ಹೋಗಿ ಬನ್ನಿ

ಊಟದ ಕೂಟಕ್ಕೋ ಪದಗ್ರಹಣಕ್ಕೋ ಕರೆದರೆ ಹೋಗಿ, ಬೇಡ ಎನ್ನುವುದಿಲ್ಲ. (ಪದಗ್ರಹಣ ಎಂದರೆ ಹೊಸ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಧಿಕಾರ ವಹಿಸಿಕೊಳ್ಳುವ ಸಮಾರಂಭ.) ಆದರೆ ಅದನ್ನು ನೋಡಿ ಕ್ಲಬ್ಬನ್ನು ಅಳೆಯಬೇಡಿ. ಅವರು ನಡೆಸುವ ಒಂದು ಶಿಬಿರಕ್ಕೆ, ಒಂದು ಸಾಮಾನ್ಯ ಮಾಸಿಕ ಸಭೆಗೆ ಅತಿಥಿಯಾಗಿ ಹೋಗಿ. ಶಿಬಿರದಲ್ಲಿ ಕುರ್ಚಿ ಜೋಡಿಸುವವರು ಯಾರು, ಕೊನೆಯ ರೋಗಿ ಹೋಗುವವರೆಗೆ ನಿಲ್ಲುವವರು ಯಾರು ಎಂದು ನೋಡಿಕೊಳ್ಳಿ. ಮಾಸಿಕ ಸಭೆಯಲ್ಲಿ ಹಿಂದಿನ ಕೆಲಸದ ವರದಿ, ಲೆಕ್ಕ ಓದುತ್ತಾರೆಯೇ ಎಂದು ಕೇಳಿಸಿಕೊಳ್ಳಿ. ಲೆಕ್ಕ ಓದದ ಕ್ಲಬ್ಬಿಗೆ ಸೇರಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ನಮಗೆ ಪೂರ್ಣ ಸದಸ್ಯತ್ವವೋ, ಸದಸ್ಯರ ಪತ್ನಿ ಎಂಬ ಲೆಕ್ಕವೋ? 1987ರಿಂದ ಲಯನ್ಸಿನಲ್ಲಿ ಮಹಿಳೆಯರು ಪೂರ್ಣ ಸದಸ್ಯರಾಗಬಹುದು, ಅಧ್ಯಕ್ಷರೂ ಆಗಬಹುದು. ರೋಟರಿಯಲ್ಲಿಯೂ ಇಂದು ಹಾಗೆಯೇ. ನಿಮ್ಮ ಹೆಸರು ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರಾಗಿಯೇ ಇರಬೇಕೆಂದು ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 3: ಅರ್ಜಿ, ಪ್ರಾಯೋಜಕರು, ಶುಲ್ಕ

ಸೇವಾ ಕ್ಲಬ್ಬಿನ ಸದಸ್ಯತ್ವ ಆಹ್ವಾನದ ಮೇಲೆ ಸಿಗುವಂಥದು. ಹಾಗೆಂದು ಯಾರಾದರೂ ಕರೆಯಲಿ ಎಂದು ಕಾದು ಕೂರಬೇಕಿಲ್ಲ. ಆಸಕ್ತಿ ಇದೆ ಎಂದು ನೀವೇ ಹೇಳಬಹುದು. ಆಗ ಒಬ್ಬ ಹಳೆಯ ಸದಸ್ಯರು ನಿಮ್ಮ ಪ್ರಾಯೋಜಕರಾಗುತ್ತಾರೆ, ಎಂದರೆ ನಿಮ್ಮನ್ನು ಕ್ಲಬ್ಬಿಗೆ ಪರಿಚಯಿಸಿ ಮೊದಲ ದಿನಗಳಲ್ಲಿ ಕೈಹಿಡಿದು ನಡೆಸುವ ಹೊಣೆ ಹೊರುತ್ತಾರೆ. ಅರ್ಜಿ ಕ್ಲಬ್ಬಿನ ನಿರ್ದೇಶಕ ಮಂಡಳಿಯ ಮುಂದೆ ಹೋಗಿ ಒಪ್ಪಿಗೆಯಾದ ಮೇಲೆ ಪ್ರಮಾಣವಚನ, ಕ್ಲಬ್ಬಿನ ಲಾಂಛನದ ಪಿನ್ನು.

ಶುಲ್ಕದ ವಿಷಯದಲ್ಲಿ ಸಂಕೋಚ ಬೇಡ, ಕೇಳಿಯೇ ಕೇಳಿ. ಒಂದೇ ಮೊತ್ತವಾಗಿ ಹೇಳಿದರೂ ಅದರೊಳಗೆ ಮೂರು ಪದರಗಳಿರುತ್ತವೆ: ಅಂತರರಾಷ್ಟ್ರೀಯ ಸಂಸ್ಥೆಗೆ ಹೋಗುವುದು, ಜಿಲ್ಲೆಗೆ ಹೋಗುವುದು, ಕ್ಲಬ್ಬಿನ ಸ್ವಂತ ಖರ್ಚಿಗೆ ಉಳಿಯುವುದು. ಅಂತರರಾಷ್ಟ್ರೀಯ ಪಾಲು ಡಾಲರಿನಲ್ಲಿ ನಿಗದಿಯಾಗಿರುವ ಕಾರಣ ರೂಪಾಯಿ ಲೆಕ್ಕ ವರ್ಷ ವರ್ಷ ಬದಲಾಗುತ್ತದೆ. ಆದ್ದರಿಂದ ಪಕ್ಕದ ಮನೆಯವರು ಮೂರು ವರ್ಷದ ಹಿಂದೆ ಕೊಟ್ಟ ಮೊತ್ತವನ್ನು ನಂಬಿಕೊಂಡು ಹೋಗಬೇಡಿ. ಲಯನ್ಸಿನಲ್ಲಿ ಒಂದೇ ಮನೆಯಿಂದ ಇಬ್ಬರು ಮೂವರು ಸೇರುವುದಾದರೆ ಕುಟುಂಬ ಸದಸ್ಯತ್ವ ಎಂಬ ವ್ಯವಸ್ಥೆಯಿದೆ. ಮೊದಲನೆಯವರು ಪೂರ್ತಿ, ನಂತರದವರು ಅಂತರರಾಷ್ಟ್ರೀಯ ಶುಲ್ಕದ ಅರ್ಧ ಮಾತ್ರ ಕೊಟ್ಟರೆ ಸಾಕು.

ಬರೆದು ಕೇಳಿಕೊಳ್ಳಬೇಕಾದ ಇನ್ನೂ ಒಂದು ಸಂಗತಿ: ಊಟ, ಕೋಟು, ಸಮ್ಮೇಳನ, ಬ್ಯಾನರ್ ಎಂದು ವರ್ಷದಲ್ಲಿ ಬೇರೆ ಏನೇನು ಹಣ ಕೇಳುತ್ತಾರೆ? ಮೆಲ್ವಿನ್ ಜೋನ್ಸ್ ಫೆಲೋ, ಪಾಲ್ ಹ್ಯಾರಿಸ್ ಫೆಲೋ ಎಂಬ ಗೌರವಗಳು ಆಯಾ ಸಂಸ್ಥೆಯ ಪ್ರತಿಷ್ಠಾನಕ್ಕೆ 1000 ಡಾಲರ್ ದೇಣಿಗೆ ಸಂದಾಗ ಸಿಗುತ್ತವೆ. ಅದು ದೇಣಿಗೆ, ಶುಲ್ಕವಲ್ಲ, ಕೊಡಲೇಬೇಕೆಂದಿಲ್ಲ. ಅಡಿಕೆ ಮಾರಿ ಬಂದ ಹಣದಲ್ಲಿ ಮನೆ ನಡೆಸುವ ಎಷ್ಟೋ ಮಂದಿ ಇಂಥ ಒತ್ತಾಯಕ್ಕೆ ಹೆದರಿ ಎರಡನೇ ವರ್ಷಕ್ಕೇ ಬಿಟ್ಟುಹೋಗಿದ್ದಾರೆ. ಒಳ್ಳೆಯ ದುಡಿಮೆಗಾರರನ್ನು ಹೀಗೆ ಕಳೆದುಕೊಳ್ಳುವುದು ನನಗೆ ತೀರಾ ನೋವಿನ ವಿಷಯ.

ಹಂತ 4: ಮೊದಲ ವರ್ಷ ಒಂದೇ ಕೆಲಸ ಹಿಡಿಯಿರಿ

ಹೊಸ ಸದಸ್ಯರನ್ನು ಮೂರು ನಾಲ್ಕು ಸಮಿತಿಗಳಿಗೆ ಹಾಕುವ ರೂಢಿ ಇದೆ. ಒಪ್ಪಿಕೊಳ್ಳಬೇಡಿ. ಒಂದು ಹೊಣೆ ಕೇಳಿ ಪಡೆಯಿರಿ. ನನ್ನ ಸಲಹೆ: ರೋಗಿಗಳ ಪಟ್ಟಿ ಇಟ್ಟುಕೊಂಡು ಫೋನ್ ಮಾಡುವ ಕೆಲಸ. ವೇದಿಕೆಯ ಮೇಲೆ ಕಾಣದ ಕೆಲಸವಿದು, ಆದರೆ ಊರಿನ ನಿಜವಾದ ಕಷ್ಟಗಳು ತಿಳಿಯುವುದು ಇಲ್ಲೇ.

ಹಂತ 5: ಮೊದಲ ಕಣ್ಣಿನ ಶಿಬಿರ

ಇದನ್ನು ವಿವರವಾಗಿ ಬರೆಯುತ್ತೇನೆ. ಹೆಚ್ಚಿನ ಪ್ರಶ್ನೆಗಳು ಬರುವುದೂ ಇದರ ಬಗ್ಗೆಯೇ, ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ.

ಎರಡು ತಿಂಗಳು ಮೊದಲು ಆಸ್ಪತ್ರೆಯೊಡನೆ ಮಾತಾಡಿ, ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಬರೆಸಿ ಎರಡೂ ಕಡೆಯವರು ಸಹಿ ಹಾಕಿ. ತಪಾಸಣೆಗೆ ಆಸ್ಪತ್ರೆಯಿಂದ ಎಷ್ಟು ಮಂದಿ ಬರುತ್ತಾರೆ? ಪೊರೆ ಶಸ್ತ್ರಚಿಕಿತ್ಸೆ ಪೂರ್ತಿ ಉಚಿತವೇ, ಒಳಗೆ ಇಡುವ ಮಸೂರಕ್ಕೆ ಹಣವಿದೆಯೇ? ಕರೆದುಕೊಂಡು ಹೋಗುವ, ಬಿಟ್ಟುಬರುವ ವಾಹನ ಯಾರದು? ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದು ಹಿಂದೆ ಕಳಿಸಿದವರನ್ನು ಮತ್ತೆ ಯಾವಾಗ ನೋಡುತ್ತಾರೆ? ಶಸ್ತ್ರಚಿಕಿತ್ಸೆಯ ನಂತರದ ಭೇಟಿಗಳು ಎಲ್ಲಿ? ಈ ಕೊನೆಯ ಪ್ರಶ್ನೆ ನಮ್ಮ ಗಡಿನಾಡಿಗೆ ಬಹಳ ಮುಖ್ಯ. ಆಸ್ಪತ್ರೆ ಮಂಗಳೂರಿನಲ್ಲಿದ್ದರೆ ಬೆಳ್ಳೂರಿನ ಅಜ್ಜ ಎರಡು ಬಸ್ ಬದಲಿಸಿ ಮೂರು ಸಲ ಹೋಗಬೇಕಾಗುತ್ತದೆ. ಆತ ಎರಡನೇ ಸಲಕ್ಕೇ ಹೋಗುವುದನ್ನು ನಿಲ್ಲಿಸುತ್ತಾನೆ. ರಾಜ್ಯ ಬೇರೆಯಾದ್ದರಿಂದ ಕೇರಳದ ಆರೋಗ್ಯ ವಿಮಾ ಕಾರ್ಡನ್ನು ಆ ಆಸ್ಪತ್ರೆ ಸ್ವೀಕರಿಸುತ್ತದೆಯೇ ಎಂದೂ ಮೊದಲೇ ಕೇಳಿ.

ಶಿಬಿರದಲ್ಲಿ ತಪಾಸಣೆ ಮಾತ್ರ. ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಆಗಬೇಕು. ಶಾಲೆಯಲ್ಲಿ, ಸಭಾಭವನದಲ್ಲಿ ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಹಿಂದೆ ಕಳಿಸಿ. ಸೋಂಕು ತಗುಲಿ ಕಣ್ಣೇ ಹೋದ ಉದಾಹರಣೆಗಳು ದೇಶದಲ್ಲಿ ಕಡಿಮೆಯೇನಿಲ್ಲ.

ಆಮೇಲೆ ಪಂಚಾಯತಿಗೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಪತ್ರ ಕೊಡಿ. ಕನ್ನಡದಲ್ಲಿ ಬರೆಯಬಹುದೇ ಎಂದು ಹಲವರು ಕೇಳುತ್ತಾರೆ. ಧಾರಾಳವಾಗಿ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಆದರೆ ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಅಧಿಕಾರಿಗೆ ಕನ್ನಡ ಓದಲು ಬರದಿದ್ದರೆ ಕಾಗದ ಮೇಜಿನ ಮೇಲೆಯೇ ಉಳಿಯುತ್ತದೆ. ಕನ್ನಡ ಪತ್ರದ ಜೊತೆಗೆ ಮಲಯಾಳದ ಪ್ರತಿಯೊಂದನ್ನು ಲಗತ್ತಿಸಿ. ಹಕ್ಕನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ, ಕೆಲಸವೂ ಬೇಗ ಆಗುತ್ತದೆ.

ದಿನಾಂಕ ನಿಗದಿ ಮಾಡುವಾಗ ಕ್ಯಾಲೆಂಡರಿನ ರಜೆಗಳನ್ನಷ್ಟೇ ನೋಡಿದರೆ ಸಾಲದು. ಆಟಿಯ ಮಳೆಯಲ್ಲಿ ವಯಸ್ಸಾದವರು ಗುಡ್ಡ ಇಳಿದು ಬರಲಾರರು. ಮಳೆ ಬಿಟ್ಟ ನಾಲ್ಕು ದಿನ ಸಿಕ್ಕರೆ ತೋಟದವರೆಲ್ಲ ಅಡಿಕೆಗೆ ಮದ್ದು ಸಿಂಪಡಿಸುತ್ತಿರುತ್ತಾರೆ. ಮಂಜೇಶ್ವರ ಷಷ್ಠಿ, ಜನವರಿಯ ಕುಂಬಳೆ ಬೆಡಿ, ಊರಿನ ಭೂತದ ಕೋಲ, ಉರೂಸ್, ರಂಜಾನ್ ಉಪವಾಸ, ಶುಕ್ರವಾರದ ಮಧ್ಯಾಹ್ನ, ಇವೆಲ್ಲ ಬಿಟ್ಟು ದಿನ ಹುಡುಕಿ. ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ನನಗೆ ಅನುಕೂಲವೆನಿಸಿದೆ. ಊರಿನ ಹಿರಿಯರನ್ನು ಕೇಳದೆ ಅದನ್ನೂ ಖಚಿತ ಮಾಡಬೇಡಿ.

ಜಾಗ ಬಸ್ಸು ನಿಲ್ಲುವಲ್ಲಿಗೆ ಹತ್ತಿರವಿರಲಿ, ನೆಲಮಹಡಿಯಲ್ಲಿರಲಿ. ದೃಷ್ಟಿ ಪರೀಕ್ಷೆಯ ಫಲಕವನ್ನು ಸಾಮಾನ್ಯವಾಗಿ 6 ಮೀಟರ್ ದೂರದಿಂದ ಓದಿಸುತ್ತಾರೆ, ಆದ್ದರಿಂದ ಅಷ್ಟು ಉದ್ದದ ಕೋಣೆಯೊಂದು ಬೇಕು. ಕಣ್ಣಿನ ಒಳಭಾಗ ನೋಡಲು ಕಿಟಕಿ ಮುಚ್ಚಿ ಕತ್ತಲು ಮಾಡಬಹುದಾದ ಇನ್ನೊಂದು ಕೋಣೆ. ಕುಡಿಯುವ ನೀರು, ಶೌಚಾಲಯ, ವಿದ್ಯುತ್ ಹೋದರೆ ಏನು ಮಾಡುವುದೆಂಬ ಯೋಚನೆ.

ಕರಪತ್ರ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಗಣ್ಯರ ಹೆಸರುಗಳನ್ನು ಕಡಿಮೆ ಮಾಡಿ ಈ ಸಾಲುಗಳಿಗೆ ಜಾಗ ಕೊಡಿ: ಆಧಾರ್, ರೇಶನ್ ಕಾರ್ಡ್, ವಿಮಾ ಕಾರ್ಡ್ ತನ್ನಿ, ದಿನಾ ನುಂಗುವ ಮಾತ್ರೆಗಳ ಹಾಳೆಯನ್ನೇ ತನ್ನಿ, ಸಕ್ಕರೆ ಕಾಯಿಲೆಯವರು ತಿಂಡಿ ತಿಂದು, ಮದ್ದು ತೆಗೆದುಕೊಂಡೇ ಬನ್ನಿ, ಜೊತೆಗೆ ಒಬ್ಬರಿರಲಿ. ಪಾಪೆ ಅಗಲವಾಗಲು ಹಾಕುವ ಹನಿಮದ್ದಿನಿಂದ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಸ್ಕೂಟರಿನಲ್ಲಿ ಒಬ್ಬರೇ ಬಂದವರು ಹಾಗೆಯೇ ಹೊರಟರೆ ದಾರಿಯಲ್ಲಿ ಅಪಾಯ.

ಸುದ್ದಿ ಮನೆಮನೆಗೆ ಮುಟ್ಟುವುದು ಮೈಕಿನಿಂದಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಕೇರಳ ಸರ್ಕಾರದ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ಅಯಲ್ಕೂಟದ ಮಹಿಳೆಯರು, ಈ ಮೂವರಿಗೆ ಹೇಳಿದರೆ ಯಾವ ಮನೆಯಲ್ಲಿ ಕಣ್ಣು ಕಾಣದ ಮುದುಕರಿದ್ದಾರೆಂದು ಅವರೇ ಪಟ್ಟಿ ಕೊಡುತ್ತಾರೆ. ನೆರೆಕರೆಯ ಹತ್ತಿಪ್ಪತ್ತು ಮನೆಗಳ ಮಹಿಳೆಯರ ಗುಂಪಿಗೆ ಇಲ್ಲಿ ಅಯಲ್ಕೂಟ ಎನ್ನುತ್ತಾರೆ.

ನೋಂದಣಿ ಮೇಜಿನಲ್ಲಿ ಭಾಷೆ ಬಲ್ಲವರನ್ನು ಕೂರಿಸಿ. ಒಂದೇ ಸಾಲಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ ಮಾತಾಡುವವರು ನಿಂತಿರುತ್ತಾರೆ. ವೈದ್ಯರು ಮಲಯಾಳದಲ್ಲಿ ಕೇಳಿ ಅಜ್ಜಿ ತುಳುವಿನಲ್ಲಿ ಉತ್ತರಿಸಿ, ನಡುವೆ ಯಾರೂ ಇಲ್ಲದೆ 'ನೋವು ಇಲ್ಲ' ಎಂದು ಬರೆದುಹೋದದ್ದನ್ನು ನಾನು ಕಂಡಿದ್ದೇನೆ. ವೈದ್ಯರ ಪಕ್ಕದಲ್ಲಿ ತುಳು ಬಲ್ಲ ಒಬ್ಬ ಸದಸ್ಯರು ಇಡೀ ಹೊತ್ತು ಇರಲೇಬೇಕು. ಫಲಕವೂ ಅಷ್ಟೆ. ಅಕ್ಷರ ಬಾರದವರಿಗೆ ಮೂರು ಗೆರೆಯ ಚಿಹ್ನೆ ಯಾವ ದಿಕ್ಕಿಗೆ ತೆರೆದಿದೆ ಎಂದು ಕೈಯಲ್ಲಿ ತೋರಿಸುವ ಫಲಕ ಸಿಗುತ್ತದೆ. ಅದನ್ನು ತರಲು ಆಸ್ಪತ್ರೆಯವರಿಗೆ ಮೊದಲೇ ಹೇಳಿ.

ಉದ್ಘಾಟನೆಗೆ 10 ನಿಮಿಷ. ಇದರಲ್ಲಿ ರಾಜಿ ಬೇಡ. ಬೆಳಗ್ಗೆ 7ಕ್ಕೆ ಮನೆ ಬಿಟ್ಟ 75ರ ಹಿರಿಯರನ್ನು 11ರವರೆಗೆ ಭಾಷಣ ಕೇಳಲು ಕೂರಿಸುವುದು ಸೇವೆಯಾಗುವುದಿಲ್ಲ. ಸಮಾರಂಭ ಬೇಕೇಬೇಕು ಎಂದಾದರೆ ಪಕ್ಕದ ಕೋಣೆಯಲ್ಲಿ ನಡೆಯಲಿ, ತಪಾಸಣೆ 9ಕ್ಕೇ ಆರಂಭವಾಗಲಿ.

ತಪಾಸಣೆ ಮುಗಿದಾಗ ನಿಮ್ಮ ಕೈಯಲ್ಲಿ ಮೂರು ಪಟ್ಟಿಗಳಿರಬೇಕು. ಒಂದು, ಪೊರೆಯ ಶಸ್ತ್ರಚಿಕಿತ್ಸೆ ಬೇಕಾದವರದು. ಎರಡು, ಕನ್ನಡಕ ಬೇಕಾದವರದು. ಮೂರು, ಹೆಚ್ಚಿನ ಪರೀಕ್ಷೆ ಬೇಕಾದವರದು: ಗ್ಲುಕೋಮಾ, ಎಂದರೆ ಕಣ್ಣಿನ ಒಳಒತ್ತಡದಿಂದ ನರ ಹಾಳಾಗುವ ರೋಗ, ಇರುವವರು ಮತ್ತು ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ (ಕಣ್ಣಿನ ಹಿಂಭಾಗದ ಪದರಕ್ಕೆ) ಹಾನಿಯಾದವರು. ಮೂರನೇ ಪಟ್ಟಿಯನ್ನು ಜನ ಮರೆಯುತ್ತಾರೆ. ಪೊರೆಯಿಂದ ಹೋದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ, ಗ್ಲುಕೋಮಾದಿಂದ ಹೋದದ್ದು ಮರಳುವುದಿಲ್ಲ. ಹೀಗಾಗಿ ಅವಸರ ಹೆಚ್ಚು ಇರುವುದು ಮೂರನೇ ಪಟ್ಟಿಗೇ.

ಕನ್ನಡಕದ ಪಟ್ಟಿಯನ್ನೂ ಹಗುರವಾಗಿ ಕಾಣಬೇಡಿ. ನಲವತ್ತು ದಾಟಿದವರಿಗೆ ಚಾಳೀಸು ಬರುವುದು ಸಹಜ. ಉಪ್ಪಳದಲ್ಲಿ ಬೀಡಿ ಕಟ್ಟುವ ತಾಯಿಗೆ, ಮನೆಯಲ್ಲೇ ಹೊಲಿಗೆ ಮಾಡುವವರಿಗೆ, ಕಾಸರಗೋಡು ಸೀರೆಯ ಮಗ್ಗದಲ್ಲಿ ಕೂರುವವರಿಗೆ ಒಂದು ಸಾದಾ ಕನ್ನಡಕ ಎಂದರೆ ಇನ್ನೂ ಹಲವು ವರ್ಷಗಳ ದುಡಿಮೆ. ಪುಸ್ತಕ ಓದಿಸಿ ಅಳತೆ ತೆಗೆಯುವ ಜೊತೆಗೆ ಅವರು ಕೆಲಸ ಮಾಡುವ ದೂರವನ್ನೂ ಕೇಳಿ ಎಂದು ತಪಾಸಕರಿಗೆ ಹೇಳಿ.

ಹಂತ 6: ಮರುದಿನ

ಒಬ್ಬೊಬ್ಬ ಸದಸ್ಯರಿಗೆ ಐದೈದು ರೋಗಿಗಳನ್ನು ಹಂಚಿ. ಆ ಐವರು ಶಸ್ತ್ರಚಿಕಿತ್ಸೆ ಮುಗಿಸಿ ಹನಿಮದ್ದಿನ ಅವಧಿ ಪೂರೈಸುವವರೆಗೆ ಹೊಣೆ ಆ ಸದಸ್ಯರದು.

ಫೋನ್ ಮಾಡಿದಾಗ 'ಮತ್ತೆ ನೋಡುವ' ಎನ್ನುತ್ತಾರೆ. ಆ ಮಾತಿನ ಹಿಂದೆ ಏನಿದೆ ಎಂದು ಕೇಳಿ ತಿಳಿಯಿರಿ. ದನಕ್ಕೆ ಹುಲ್ಲು ಹಾಕುವವರಿಲ್ಲ. ಮಗ ದುಬೈಯಿಂದ ಬರಲಿ ಎಂದು ಕಾಯುತ್ತಿದ್ದಾರೆ. ಮೊಮ್ಮಗಳ ಮದುವೆ ಇದೆ. ಪೊರೆ 'ಹಣ್ಣಾಗಲಿ' ಎಂದು ಯಾರೋ ಹೇಳಿದ್ದಾರೆ. ಕೊನೆಯದಕ್ಕೆ ಉತ್ತರ ಸುಲಭ: ಈಗಿನ ವಿಧಾನದಲ್ಲಿ ಪೊರೆ ಹಣ್ಣಾಗುವವರೆಗೆ ಕಾಯಬೇಕಿಲ್ಲ, ಕಾದಷ್ಟೂ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ದನಕ್ಕೆ ಹುಲ್ಲು ಹಾಕಲು ಎರಡು ದಿನ ಪಕ್ಕದ ಮನೆಯವರನ್ನು ಒಪ್ಪಿಸಿಕೊಟ್ಟರೆ ಅದು ಬ್ಯಾನರಿಗಿಂತ ದೊಡ್ಡ ಸೇವೆ ಎಂದೇ ನಾನು ನಂಬಿದ್ದೇನೆ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಕಣ್ಣಿಗೆ ನೀರು ತಾಗಿಸಬಾರದು, ಉಜ್ಜಬಾರದು, ಹನಿಮದ್ದನ್ನು ಹೇಳಿದಷ್ಟು ವಾರ ಹಾಕಬೇಕು. ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ದೃಷ್ಟಿ ಒಮ್ಮೆಗೇ ಇಳಿದರೆ ಅದೇ ದಿನ ಆಸ್ಪತ್ರೆಗೆ. ಇವಿಷ್ಟನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮನೆಯವರ ಕೈಗೆ ಕೊಡಿ, ಫೋನ್ ಸಂಖ್ಯೆ ಸಹಿತ.

ಹಂತ 7: ಶಿಬಿರವಿಲ್ಲದೆಯೂ ಆಗುವ ಕೆಲಸಗಳು

ನೇತ್ರದಾನಕ್ಕೆ ಪ್ರತಿಜ್ಞಾ ಪತ್ರ ತುಂಬಿಸಿದರೆ ಸಾಲದು. ಸಾವಿನ ಮನೆಯಲ್ಲಿ ಆ ಪತ್ರವನ್ನು ಯಾರೂ ಹುಡುಕುವುದಿಲ್ಲ. ಮರಣದ 6 ಗಂಟೆಯೊಳಗೆ ಕಾರ್ನಿಯಾ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ತೆಗೆಯಬೇಕು. ನೇತ್ರ ಬ್ಯಾಂಕಿನ ಸಂಖ್ಯೆ ಪ್ರತಿ ಸದಸ್ಯರ ಮೊಬೈಲಿನಲ್ಲಿರಲಿ. ಮನೆಯವರು ಒಪ್ಪಿದರೆ ಮೃತರ ಕಣ್ಣುರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆಯಡಿಗೆ ದಿಂಬು ಕೊಟ್ಟು ತುಸು ಎತ್ತರಿಸಿ. ಮೊದಲೇ ಪ್ರತಿಜ್ಞೆ ಮಾಡಿರಬೇಕೆಂದಿಲ್ಲ, ಹತ್ತಿರದ ಸಂಬಂಧಿಕರ ಒಪ್ಪಿಗೆ ಸಾಕು. ಕನ್ನಡಕ ಹಾಕುತ್ತಿದ್ದವರ, ಪೊರೆ ತೆಗೆಸಿಕೊಂಡವರ ಕಣ್ಣೂ ಆಗುತ್ತದೆ. ಎಚ್‌ಐವಿ, ಹೆಪಟೈಟಿಸ್, ಹುಚ್ಚುನಾಯಿ ರೋಗದಿಂದ ತೀರಿಕೊಂಡವರದ್ದು ಆಗುವುದಿಲ್ಲ. ಮುಖ ವಿಕಾರವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂದು ಮೆಲುದನಿಯಲ್ಲಿ ಹೇಳಿ, ಒತ್ತಾಯ ಮಾಡಬೇಡಿ.

ರಕ್ತದಾನ ಶಿಬಿರವನ್ನು ಪರವಾನಗಿ ಇರುವ ರಕ್ತ ಕೇಂದ್ರದ ತಂಡವೇ ಬಂದು ನಡೆಸಬೇಕು. ದಾನಿಗೆ 18ರಿಂದ 65 ವರ್ಷ, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇರಬೇಕು, ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆಯಾಗಿ ದಾನಿಗಳು ಕಡಿಮೆಯಾಗುತ್ತಾರೆ. ಎಲ್ಲರೂ ಆಗಸ್ಟ್ 15ಕ್ಕೆ ಶಿಬಿರ ಮಾಡುವಾಗ ನೀವು ಮೇ ತಿಂಗಳನ್ನು ಆರಿಸಿಕೊಳ್ಳಿ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಯ ಕ್ಲಬ್ಬುಗಳಿಗೆ ಒಂದು ಮಾತು. ಗೇರುತೋಟಗಳ ಮೇಲೆ 2000ರವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಫಲವನ್ನು ಇಂದೂ ಉಣ್ಣುತ್ತಿರುವ ಮನೆಗಳಿವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಈ ಮನೆಗಳಿಗೆ ಕ್ಯಾಮೆರಾ ಹಿಡಿದು ಬಂದವರು ಬಹಳ, ಮರಳಿ ಬಂದವರು ಕಡಿಮೆ. ಹಣ್ಣಿನ ಬುಟ್ಟಿ ಕೊಟ್ಟು ಮಗುವಿನ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ತಾಯಿಯನ್ನು ಕೇಳಿ, ಆಕೆಗೆ ಬೇಕಾದುದು ಬೇರೆಯೇ ಇರುತ್ತದೆ: ತಿಂಗಳ ಡಯಾಪರ್, ಹಾಸಿಗೆ ಹುಣ್ಣಾಗದಂತೆ ತಡೆಯುವ ನೀರುಹಾಸಿಗೆ, ಬಡ್ಸ್ ಶಾಲೆಗೆ ಹೋಗಿಬರುವ ವಾಹನ, ತಾನು ಆಸ್ಪತ್ರೆಗೆ ಹೋಗಿಬರುವ ಒಂದು ಹಗಲು ಮಗುವಿನ ಬಳಿ ಕೂರುವ ಒಬ್ಬರು. (ಬೌದ್ಧಿಕ ಸವಾಲುಳ್ಳ ಮಕ್ಕಳಿಗಾಗಿ ಸ್ಥಳೀಯ ಸಂಸ್ಥೆಗಳು ನಡೆಸುವ ಶಾಲೆಗೆ ಕೇರಳದಲ್ಲಿ ಬಡ್ಸ್ ಶಾಲೆ ಎನ್ನುತ್ತಾರೆ.) ಒಂದು ಮನೆಯನ್ನು ಹಿಡಿದರೆ ವರ್ಷಪೂರ್ತಿ ಹಿಡಿಯಿರಿ. ಆಗದಿದ್ದರೆ ಆಸೆ ಹುಟ್ಟಿಸಬೇಡಿ.

ಹಂತ 8: ಹಣದ ಲೆಕ್ಕ

ಎರಡು ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. ಸದಸ್ಯರ ಶುಲ್ಕ ಆಡಳಿತ ಖಾತೆಗೆ. ಊಟ, ಬಾಡಿಗೆ, ಮುದ್ರಣ ಅದರಿಂದ. ಊರವರಿಂದ ಬಂದ ದೇಣಿಗೆ ಸೇವಾ ಖಾತೆಗೆ. ಅದರ ಒಂದು ರೂಪಾಯಿಯೂ ಸದಸ್ಯರ ಊಟಕ್ಕೆ ಹೋಗಬಾರದು. ಲಯನ್ಸ್ ನಿಯಮವೂ ಇದನ್ನೇ ಹೇಳುತ್ತದೆ.

ದೇಣಿಗೆ ಕೊಟ್ಟವರು ತೆರಿಗೆ ವಿನಾಯಿತಿ ಕೇಳಿದರೆ, ಅದಕ್ಕೆ ಬೇಕಾದ ಆದಾಯ ತೆರಿಗೆ ಇಲಾಖೆಯ ನೋಂದಣಿ (80ಜಿ ಎಂದು ರೂಢಿ) ಇರುವ ಟ್ರಸ್ಟ್ ನಿಮ್ಮದಾಗಿದ್ದರೆ ಮಾತ್ರ ಒಪ್ಪಿಕೊಳ್ಳಿ. 2000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ.

ಇನ್ನು ಗಲ್ಫಿನ ಹಣ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಸೇವೆಯ ಮಾತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮ ಹುಡುಗ ದುಬೈಯಿಂದ ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ಕೊಡುಗೆ ಎನಿಸುವುದಿಲ್ಲ. ಅದೇ ಹಣವನ್ನು ಅವನು ದುಡಿಯುವ ಅಲ್ಲಿನ ಕಂಪನಿ ಕಳಿಸಿದರೆ, ಅಥವಾ ವಿದೇಶಿ ಪೌರತ್ವ ಪಡೆದ ಬಂಧು ಕಳಿಸಿದರೆ, 2010ರ ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಪಡೆಯುವುದು ಅಪರಾಧ. ಕೈಯಿಂದ ಕೈಗೆ ಬಂದ ಹಣವನ್ನಂತೂ ಮುಟ್ಟಲೇಬೇಡಿ. ಪಾಸ್‌ಪೋರ್ಟ್ ಪ್ರತಿ, ಬ್ಯಾಂಕ್ ದಾಖಲೆ ಎರಡನ್ನೂ ಕಡತದಲ್ಲಿಡಿ.

ಹಂತ 9: ಹತ್ತಿರ ಕ್ಲಬ್ಬೇ ಇಲ್ಲದಿದ್ದರೆ

ಲಯನ್ಸಿಗೂ ರೋಟರಿಗೂ ಹೊಸ ಕ್ಲಬ್ಬಿನ ಚಾರ್ಟರ್, ಎಂದರೆ ಅಂತರರಾಷ್ಟ್ರೀಯ ಮಾನ್ಯತಾ ಪತ್ರ, ಪಡೆಯಲು ಕನಿಷ್ಠ 20 ಮಂದಿ ಬೇಕು. ಸಣ್ಣ ಊರಿನಲ್ಲಿ ಅಷ್ಟು ಮಂದಿಯನ್ನು ಕಾಗದದ ಮೇಲೆ ತುಂಬಿಸಿ ತಂದರೆ ಎರಡನೇ ವರ್ಷದ ಶುಲ್ಕಕ್ಕೆ ಎಂಟು ಮಂದಿ ಉಳಿಯುತ್ತಾರೆ. ಅದಕ್ಕಿಂತ ನಿಮ್ಮದೇ ಸಂಘ ಕಟ್ಟಿಕೊಳ್ಳಿ. 7 ಮಂದಿ ಸಾಕು.

ಇಲ್ಲಿ ಗಡಿನಾಡಿನವರು ಮಾಡುವ ತಪ್ಪೊಂದಿದೆ. ಮಂಗಳೂರಿನ ಗೆಳೆಯರ ಸಂಘದ ಬೈಲಾ ನಕಲು ಮಾಡಿ ತರುತ್ತಾರೆ. ಅದು ಕರ್ನಾಟಕದ 1960ರ ಕಾಯ್ದೆಯ ಪ್ರಕಾರ ಬರೆದದ್ದು, ಇಲ್ಲಿ ನಡೆಯುವುದಿಲ್ಲ. ತಿರುವನಂತಪುರ, ಕೊಚ್ಚಿ ಕಡೆಯದ್ದು 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆಯದು, ಅದೂ ಇಲ್ಲಿಗಲ್ಲ. ಮಲಬಾರ್ ಭಾಗವಾದ ಕಾಸರಗೋಡಿಗೆ ಅನ್ವಯಿಸುವುದು 1860ರ ಸಂಘಗಳ ನೋಂದಣಿ ಕಾಯ್ದೆ; ಅರ್ಜಿ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಗೆ. ನೋಂದಣಿ ಮಾಡಿದ ಮೇಲೆ ಪ್ರತಿ ವರ್ಷ ಮಹಾಸಭೆಯ ನಂತರ 14 ದಿನದೊಳಗೆ ಆಡಳಿತ ಸಮಿತಿಯ ಪಟ್ಟಿ ಸಲ್ಲಿಸಬೇಕು. ಇದನ್ನು ಮರೆತು ಎಷ್ಟೋ ವರ್ಷದ ಬಳಿಕ ಬ್ಯಾಂಕ್ ಖಾತೆಯ ಸಹಿ ಬದಲಿಸಲು ಹೋದಾಗ ಸಿಕ್ಕಿಬೀಳುವ ಸಂಘಗಳು ಬಹಳ.

ಹಂತ 10: ಜೂನ್ ತಿಂಗಳು

ಲಯನ್ಸ್, ರೋಟರಿ ವರ್ಷ ಜುಲೈ 1ರಿಂದ ಜೂನ್ 30. ಜೆಸಿಐ ಮಾತ್ರ ಜನವರಿಯಿಂದ ಡಿಸೆಂಬರ್. ಅಧ್ಯಕ್ಷರು ಸಾಮಾನ್ಯವಾಗಿ ಒಂದೇ ವರ್ಷ. ಹೊಸಬರು ತಮ್ಮ ಹೆಸರಿನಲ್ಲಿ ಹೊಸ ಯೋಜನೆ ಬೇಕೆನ್ನುತ್ತಾರೆ, ಹಳೆಯದು ಅಲ್ಲಿಗೇ ನಿಲ್ಲುತ್ತದೆ. ಒಮ್ಮೆ ಮೇ ತಿಂಗಳ ಶಿಬಿರವೊಂದರ ಪೊರೆ ರೋಗಿಗಳ ಪಟ್ಟಿ, ಬಿಟ್ಟುಹೋಗುವ ಕಾರ್ಯದರ್ಶಿಯ ಚೀಲದಲ್ಲೇ ಉಳಿಯಿತು. ಅದು ಸಿಕ್ಕಿದ್ದು ದೀಪಾವಳಿಯ ಹೊತ್ತಿಗೆ. ಪಟ್ಟಿಯಲ್ಲಿದ್ದ ಒಬ್ಬರು ಅಷ್ಟರಲ್ಲಿ ಅಂಗಳದ ಮೆಟ್ಟಿಲು ಕಾಣದೆ ಬಿದ್ದು ಸೊಂಟ ಮುರಿದುಕೊಂಡಿದ್ದರು.

ಆದ್ದರಿಂದ ಜೂನ್ ಮೊದಲ ವಾರದಲ್ಲೇ ಹಳೆಯ, ಹೊಸ ಪದಾಧಿಕಾರಿಗಳು ಒಟ್ಟಿಗೆ ಕೂತು ಒಂದು ದಪ್ಪ ರಟ್ಟಿನ ಪುಸ್ತಕಕ್ಕೆ ಇವನ್ನು ಬರೆದು ಇಬ್ಬರೂ ಸಹಿ ಹಾಕಿ: ಶಸ್ತ್ರಚಿಕಿತ್ಸೆ ಬಾಕಿ ಇರುವವರ ಹೆಸರು, ವಾರ್ಡು, ಫೋನ್, ಎರಡನೇ ಕಣ್ಣು ಬಾಕಿ ಇರುವವರು, ಬಾರದ ಕನ್ನಡಕಗಳು, ತಿಂಗಳ ನೆರವು ಪಡೆಯುವ ಮನೆಗಳು, ಯಾವ ತಾರೀಕಿಗೆ ಏನು ತಲುಪಬೇಕು ಎಂಬುದು, ಎರಡೂ ಖಾತೆಗಳ ಅಂದಿನ ಮೊತ್ತ, ಆಸ್ಪತ್ರೆಯೊಡನೆ ಮಾಡಿಕೊಂಡ ಹಾಳೆ. ಪದಗ್ರಹಣದ ದಿನ ಹಾರಕ್ಕೂ ಮೊದಲು ಈ ಪುಸ್ತಕ ಹೊಸ ಕಾರ್ಯದರ್ಶಿಯ ಕೈಗೆ ಹೋಗಲಿ, ಅದರಲ್ಲಿರುವ ಮೊದಲ ಹೆಸರಿಗೆ ಮರುದಿನ ಬೆಳಗ್ಗೆಯೇ ಫೋನ್ ಹೋಗಲಿ.